ನೇಪಿಯರ್ ಹುಲ್ಲಿನ ಕೊಯ್ಲು

ಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬನು ಹುಲ್ಲಿನ ವಿಷಯವಾಗಿ ಬರೆಯುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ನನ್ನ ಶುಲ್ಕವು ಎರಡು ಹಸುಗಳ ಹಾಲಿನಿಂದಲೂ, ಆ ಹಾಲು ಬಾವಿಯ ಬಳಿಯ ನಾಲ್ಕು ಗುಂಟೆ ನೇಪಿಯರ್ ಹುಲ್ಲಿನಿಂದಲೂ ಬರುತ್ತಿದ್ದಿತು. ನಾನು ಎರಡನೆಯ ವರ್ಷದಲ್ಲಿದ್ದಾಗ ಆ ಹುಲ್ಲು ಅರ್ಧಕ್ಕರ್ಧ ಸತ್ತುಹೋಯಿತು. ಬೇಸಗೆಯಲ್ಲಿ ಒಂದು ಹಸುವನ್ನು ಮಾರಬೇಕಾಯಿತು. ನೀರಿಗಾಗಲಿ ಗೊಬ್ಬರಕ್ಕಾಗಲಿ ಕೊರತೆಯಿರಲಿಲ್ಲ. ದೋಷವಿದ್ದುದು ನಮ್ಮ ಕುಡುಗೋಲಿನಲ್ಲಿ.

ನೇಪಿಯರ್ ಆಫ್ರಿಕ ಖಂಡದ ಹುಲ್ಲು, ಆನೆಹುಲ್ಲೆಂದೂ ಕರೆಯುವರು. ನಮ್ಮ ಕಡೆ ಈಗ ಹೆಚ್ಚಾಗಿ ಬೆಳೆಯುವುದು ಇದನ್ನು ಸಜ್ಜೆಯೊಡನೆ ಸಂಕರಿಸಿ ಪಡೆದ ತಳಿಗಳನ್ನು. ನೀರಿದ್ದರೆ ವರ್ಷಕ್ಕೆ 6ರಿಂದ 8 ಕೊಯ್ಲು ಸಿಗುವುದು.

ಕೊಯ್ದೊಡನೆ ಗಿಡವು ತನ್ನ ಗರಿಗಳನ್ನು ಕಳೆದುಕೊಳ್ಳುವುದು. ಹೊಸ ತೆಂಡೆಗಳು ಹೊರಟು, ತಾವೇ ಆಹಾರವನ್ನು ತಯಾರಿಸುವಷ್ಟು ಗರಿ ಬಿಡುವವರೆಗೂ ಕೂಳೆಯಲ್ಲಿಯೂ ಬೇರಿನಲ್ಲಿಯೂ ಕೂಡಿಟ್ಟ ಪಿಷ್ಟ ಮತ್ತು ಸಕ್ಕರೆಯೇ ಅವಕ್ಕೆ ಆಧಾರ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಮೇಲಿನ ಗರಿಯು ಬಡ್ಡಿ, ಬುಡದ ಕೂಳೆಯು ಅಸಲು. ನೆಲಕ್ಕೆ ಹತ್ತಿ ಕೊಯ್ದರೆ ಆ ಸಂಗ್ರಹವೂ, ಗೆಣ್ಣುಗಳಲ್ಲಿರುವ ಮೊಗ್ಗುಗಳೂ ಹೊರೆಯಲ್ಲಿ ಸೇರಿಹೋಗುವುವು. ಒಂದು ಸಲ ಹಾಗೆ ಕೊಯ್ದರೆ ಗಿಡ ಸಾಯದು. ಮತ್ತೆ ಮತ್ತೆ ಕೊಯ್ದಂತೆಲ್ಲ ಬೇರು ಕುಗ್ಗಿ, ತೆಂಡೆಗಳು ವಿರಳವಾಗಿ, ಪೊದೆಯ ನಡುವೆ ಬೋಳು ಕಾಣಿಸುವುದು. ಅಲ್ಲಿ ಕಳೆ ಏಳುವುದು. ಹೀಗೆ ನಿಧಾನವಾಗಿ ಕೆಡುವುದರಿಂದಲೇ ಕಾರಣವು ಬೇಗ ಹೊಳೆಯುವುದಿಲ್ಲ. ಸುಮಾರು 10ರಿಂದ 15 ಸೆಂಟಿಮೀಟರ್, ಎಂದರೆ ಅರ್ಧ ಗೇಣಿಗೆ ಕಡಿಮೆಯಿಲ್ಲದಂತೆ ಕೂಳೆ ಬಿಡಬೇಕು.

ಇದನ್ನು ಹೇಳಿದಾಗ ನಮ್ಮ ತಾಯಿಯವರು ಒಪ್ಪಲಿಲ್ಲ. ಹುಲ್ಲು ಕೊಯ್ದು ಹೊರುವವರು ಅವರೇ. ಬುಡದ ದಂಟು ಸೇರದಿದ್ದರೆ ಹೊರೆ ತೂಗುವುದಿಲ್ಲ. "ಗರಿಕೆಯನ್ನು ಕುರಿ ದಿನಾ ನೆಲದವರೆಗೂ ಮೇಯುತ್ತೆ, ಅದು ಸತ್ತಿತೇನಪ್ಪ?" ಎಂದು ಕೇಳಿದರು. ಪ್ರಶ್ನೆ ಒಳ್ಳೆಯದೇ. ಗರಿಕೆಯು ನೆಲದ ಮೇಲೂ ಒಳಗೂ ಹರಿದು ಬೆಳೆಯುವುದು. ಅದರ ಗೆಣ್ಣು, ಮೊಗ್ಗು, ಸಂಗ್ರಹಗಳು ಕುರಿಯ ಬಾಯಿಗೆ ಸಿಕ್ಕುವುದಿಲ್ಲ. ನೆಟ್ಟಗೆ ನಿಲ್ಲುವ ನೇಪಿಯರಿಗೆ ಆ ರಕ್ಷಣೆಯಿಲ್ಲ.

ಇನ್ನು ಕಾಲದ ಮಾತು. ನೆಟ್ಟ 60ರಿಂದ 75 ದಿನಗಳಿಗೆ ಮೊದಲ ಕೊಯ್ಲು, ಅನಂತರ ಸುಮಾರು 45 ದಿನಗಳಿಗೊಮ್ಮೆ. ಅವಸರ ಮಾಡಿದರೆ ಬೇರಿನ ಸಾಲ ತೀರಿರುವುದಿಲ್ಲ. ತಡಮಾಡಿದರೆ ತೂಕವೇನೋ ಹೆಚ್ಚುವುದು, ಆದರೆ ದಂಟು ಬಲಿತು ಸಸಾರಜನಕ ಇಳಿಯುವುದು. ಹಸುವು ಗರಿಯನ್ನು ತಿಂದು ದಂಟನ್ನು ಗೋದಲಿಯಲ್ಲಿಯೇ ಬಿಡುವುದು. ಚಳಿಗಾಲದಲ್ಲಿ ಬೆಳೆವಣಿಗೆ ನಿಧಾನವಾದುದರಿಂದ ಇನ್ನೂ ಕೆಲವು ದಿನ ಕಾಯಬೇಕು.

ಆದರೆ ಹಸಿದ ಹಸುವು 45 ದಿನ ಕಾಯುವುದೇ? ಆದುದರಿಂದ ನಾವು ನಾಲ್ಕು ಗುಂಟೆಯನ್ನು 45 ಪಟ್ಟಿಗಳಾಗಿ ಗುರುತಿಸಿ, ದಿನಕ್ಕೊಂದರಂತೆ ಕೊಯ್ದು, ಕೊಯ್ದ ಪಟ್ಟಿಗೆ ಕೊಟ್ಟಿಗೆಯ ಗೊಬ್ಬರವನ್ನು ಹಾಕುತ್ತಿದ್ದೇವೆ. ಕೊನೆಯ ಪಟ್ಟಿ ಮುಗಿಯುವ ಹೊತ್ತಿಗೆ ಮೊದಲನೆಯದು ಎದೆಯೆತ್ತರ ಬಂದಿರುತ್ತದೆ. ಬೋಳಾದ ಕಡೆ ಈ ಮಳೆಗಾಲದಲ್ಲಿ ಎರಡು ಗೆಣ್ಣಿನ ತುಂಡುಗಳನ್ನು ನೆಟ್ಟೆವು. ತಾಯಿಯವರ ಕುಡುಗೋಲು ಅಭ್ಯಾಸಬಲದಿಂದ ಈಗಲೂ ಆಗಾಗ ಕೆಳಕ್ಕೆ ಜಾರುವುದುಂಟು.