ಗೂಗಲ್‌ನಲ್ಲಿ ಮೇಲೇರಲು ಅವಸರ ಬೇಡ

ಮುರುಡೇಶ್ವರದ ಸಮೀಪದ ಶಿರಾಲಿಯಲ್ಲಿ ಹೋಂಸ್ಟೇ ತೆರೆದು ವೆಬ್‌ಸೈಟ್ ಮಾಡಿಸಿದವರು ಮರುದಿನವೇ ಗೂಗಲ್‌ನಲ್ಲಿ ಹುಡುಕುವುದು ಸಹಜ. ಕಾಣಲಿಲ್ಲವೋ, ಮಾಡಿಕೊಟ್ಟವರಿಗೆ ಫೋನ್!

ಸ್ವಲ್ಪ ತಾಳಬೇಕು. ಗೂಗಲ್‌ನ ತಂತ್ರಾಂಶ ಹೊಸ ಪುಟವನ್ನು ಓದಿ ತನ್ನ ಸೂಚಿಗೆ ಸೇರಿಸಿಕೊಳ್ಳಲಿಕ್ಕೇ ಕೆಲವು ದಿನಗಳಿಂದ ಕೆಲವು ವಾರ ಹಿಡಿಯಬಹುದು. ಆಮೇಲೆ ಪೈಪೋಟಿ. ‘ಮುರುಡೇಶ್ವರ ಹೋಟೆಲ್’ ಎಂದು ಹುಡುಕಿದರೆ ಎದುರಾಗುವುದು ದೊಡ್ಡ ಬುಕಿಂಗ್ ತಾಣಗಳು. ಅವುಗಳ ಬೆನ್ನಿಗೆ ವರ್ಷಗಟ್ಟಲೆ ಕೂಡಿಬಂದ ಗ್ರಾಹಕರ ಅಭಿಪ್ರಾಯಗಳು, ಬೇರೆ ತಾಣಗಳ ಕೊಂಡಿಗಳು ಇವೆ. ಸುಧಾರಣೆ ಮಾಡಿ ಫಲ ಕಾಣಲು ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಬೇಕೆಂದು 2017ರಲ್ಲಿ ಗೂಗಲ್ಲೇ ಹೇಳಿತ್ತು.

ಹಾಗಾಗಿ ಸಣ್ಣವರು ಪೈಪೋಟಿ ಕಡಿಮೆಯಿರುವ ಹುಡುಕಾಟಗಳನ್ನು ಹಿಡಿಯುವುದು ಲೇಸು. ಶಿರಾಲಿಯ ಚಿತ್ರಾಪುರ ಮಠಕ್ಕೆ ಸಾರಸ್ವತ ಭಕ್ತರು ದೂರದೂರಿಂದ ಬರುತ್ತಾರೆ. ಕೊಂಕಣ ರೈಲ್ವೆಯ ನಿಲ್ದಾಣದ ಹೆಸರೂ ಚಿತ್ರಾಪುರವೇ. ಪುಟದಲ್ಲಿ ಶಿರಾಲಿ, ಚಿತ್ರಾಪುರ ಎರಡೂ ಹೆಸರಿರಲಿ. ಮಠ ಎಷ್ಟು ದೂರ, ನಿಲ್ದಾಣದಿಂದ ಆಟೊ ಸಿಗುತ್ತದೆಯೇ, ಊಟಕ್ಕೇನು ಎಂಬುದೂ ಇರಲಿ. ಯಾವ ಪದ ಹುಡುಕಿದವರಿಗೆ ಪುಟ ಕಾಣಿಸಿತು ಎಂಬುದನ್ನು ಗೂಗಲ್‌ನ ಉಚಿತ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ತಿಂಗಳಿಗೊಮ್ಮೆ ನೋಡಿಕೊಂಡರೆ ಸಾಕು.

‘ವಾರದೊಳಗೆ ಮೊದಲ ಸ್ಥಾನ’ ಎಂದು ಮುಂಗಡ ಕೇಳುವವರಿಂದ ಮಾತ್ರ ದೂರವಿರಬೇಕು. ಅಂಥ ಖಾತ್ರಿ ಯಾರೂ ಕೊಡಲಾರರೆಂದು ಗೂಗಲ್ ಸ್ಪಷ್ಟವಾಗಿಯೇ ಎಚ್ಚರಿಸಿದೆ.