ಪಾಲಾರ್ ಸೀಮೆಯ ಅಡುಗೆಮನೆಗೆ ಒಲೆ ಆರಿಸುವ ಮುನ್ನ

ಮಗಳೇ, ಹೊಸ ಮನೆಯ ಗೋಡೆ ಎದ್ದಿದೆ, ಒಲೆ ಯಾವುದು ಹಾಕಿಸಲಿ ಎಂದು ಕೇಳಿದ್ದೀಯ. ಕೇಳಿದ್ದು ಒಳ್ಳೆಯದೇ ಆಯಿತು. ಬಾಗಿಲು, ಕಿಟಕಿ, ಬಣ್ಣಕ್ಕೆ ಎಲ್ಲರೂ ಯೋಚನೆ ಮಾಡುತ್ತಾರೆ. ಒಲೆಯನ್ನು ಮಾತ್ರ ಕೊನೆಗೆ ಉಳಿದ ಮೂಲೆಗೆ ತಳ್ಳುತ್ತಾರೆ. ದಿನದಲ್ಲಿ ಗಂಟೆಗಟ್ಟಲೆ ನೀನು ಉಸಿರಾಡುವುದು ಆ ಮೂಲೆಯಲ್ಲೇ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ 2,37,000ಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಕಣ್ಣಿನ ಪೊರೆ, ದಮ್ಮು, ಕಡಿಮೆ ತೂಕದ ಕೂಸು, ಇವೆಲ್ಲಕ್ಕೂ ಈ ಹೊಗೆಯ ನಂಟಿದೆ.

ಮಾದಪ್ಪನ ಬೆಟ್ಟದಿಂದ ಪಾಲಾರ್‌ವರೆಗೆ, ಹನೂರು, ಕೊಳ್ಳೇಗಾಲ, ಯಳಂದೂರಿನ ಹಳ್ಳಿಗಳಲ್ಲಿ ಸೌದೆ ಒಲೆ ನಾಳೆಯೇ ಆರುವುದಿಲ್ಲ. ಹಾಗಾಗಿ ಉರಿಸುವುದನ್ನೇ ಸರಿಯಾಗಿ ಉರಿಸೋಣ. ಹೊಗೆ ಕಡಿಮೆಯ ಒಲೆ ಅಂಗಡಿಯಲ್ಲಿ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ನಿನ್ನ ಪಾತ್ರೆ, ನಿನ್ನ ಸೌದೆ, ನಿನ್ನ ದಿನಚರಿಯಲ್ಲಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದು.

• ಗ್ಯಾಸ್ ಸಿಗುವುದಾದರೆ ಮೊದಲು ಗ್ಯಾಸ್. ಎಷ್ಟೇ ಒಳ್ಳೆಯ ಸೌದೆ ಒಲೆಯೂ ಗ್ಯಾಸಿನಷ್ಟು ಶುಚಿಯಲ್ಲ. ಒಂದು ಘನ ಮೀಟರ್ ಗಾಳಿಯಲ್ಲಿ ಸೂಕ್ಷ್ಮ ಕಣಗಳು ವರ್ಷದ ಸರಾಸರಿಯಲ್ಲಿ 5 ಮೈಕ್ರೋಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಸೌದೆ ಉರಿಯುವ ಅಡುಗೆಮನೆ ಆ ಮಟ್ಟಕ್ಕೆ ಇಳಿಯುವುದು ಬಹಳ ಕಷ್ಟ. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯಲ್ಲಿ ಹೆಂಗಸರ ಹೆಸರಿಗೇ ಸಂಪರ್ಕ ಕೊಡುತ್ತಾರೆ, ಅದಕ್ಕೆ ಅರ್ಜಿ ಹಾಕು. ನಮ್ಮ ಜಿಲ್ಲೆಯಲ್ಲೇ ಬಂಡೀಪುರದ ಅಂಚಿನ ಸಾವಿರಾರು ಮನೆಗಳಿಗೆ ಕೃಪಾಕರ–ಸೇನಾನಿ ಕಟ್ಟಿದ ‘ನಮ್ಮ ಸಂಘ’ ಗ್ಯಾಸ್ ತಲುಪಿಸಿದೆ. ಕಾಡಂಚಿನ ಹಳ್ಳಿಗೆ ಗ್ಯಾಸ್ ಆಗಿಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಈ ಮಾತು ತಿಳಿಸು. ಸಿಲಿಂಡರ್ ತಿಂಗಳು ಪೂರ್ತಿ ಬರದಿದ್ದರೂ ಚಿಂತೆಯಿಲ್ಲ. ಬೆಳಗಿನ ಕಾಫಿ, ಒಗ್ಗರಣೆ, ಮಗುವಿನ ಹಾಲು, ರಾತ್ರಿಯ ಬಿಸಿ ಮಾಡುವ ಕೆಲಸಗಳನ್ನು ಗ್ಯಾಸಿಗೆ ಬಿಡು. ಚಿಕ್ಕ ಕೆಲಸಕ್ಕೆ ಹೊತ್ತಿಸುವ ಬೆಂಕಿಯೇ ಹೆಚ್ಚು ಹೊಗೆಯಾಡುತ್ತದೆ.

• ಮನೆಯ ಬೆಂಕಿಗಳನ್ನೆಲ್ಲ ಎಣಿಸು. ಒಲೆ ಎಂದ ಕೂಡಲೇ ಅಡುಗೆಯ ಒಲೆಯೊಂದೇ ನೆನಪಿಗೆ ಬರುತ್ತದೆ. ಸ್ನಾನದ ಹಂಡೆ, ಹಿಟ್ಟು (ರಾಗಿ ಮುದ್ದೆ), ಸಾರು, ದನಕ್ಕೆ ಬೇಯಿಸುವ ಹುರುಳಿ, ಹಬ್ಬದ ದೊಡ್ಡ ಪಾತ್ರೆ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆ. ಎಷ್ಟು ಜನಕ್ಕೆ, ಯಾವ ಪಾತ್ರೆಯಲ್ಲಿ, ಎಷ್ಟು ಹೊತ್ತು ಎಂಬುದನ್ನೂ ಬರೆ. ಒಲೆ ಆರಿಸಲು ಹೋಗುವಾಗ ಈ ಚೀಟಿ ಕೈಯಲ್ಲಿರಲಿ.

• ಹೊಗೆ ಎಂದರೆ ಪೂರ್ತಿ ಉರಿಯದೆ ಹೋದ ಸೌದೆ. ಸೌದೆ ಕಾದಾಗ ಮೊದಲು ಅದರಿಂದ ಅನಿಲ ಏಳುತ್ತದೆ. ಆ ಅನಿಲಕ್ಕೆ ಸಾಕಷ್ಟು ಕಾವು, ಸಾಕಷ್ಟು ಗಾಳಿ, ಉರಿಯಲು ಸ್ವಲ್ಪ ಹೊತ್ತು ಸಿಕ್ಕರೆ ಜ್ವಾಲೆಯಾಗುತ್ತದೆ, ಸಿಗದಿದ್ದರೆ ಹೊಗೆಯಾಗಿ ಹೋಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಗಾಳಿ ನಾಲ್ಕೂ ಕಡೆಯಿಂದ ನುಗ್ಗಿ ಉರಿಯನ್ನು ತಣ್ಣಗೆ ಮಾಡುತ್ತದೆ. ಆದ್ದರಿಂದ ಯಾವ ಒಲೆ ತೋರಿಸಿದರೂ ಮೂರು ಸಂಗತಿ ನೋಡು. ಕೆಳಗೆ ಬೂದಿ ಉದುರಿ ಗಾಳಿ ಏರುವ ಜಾಲರಿ ಇದೆಯೇ? ಬೆಂಕಿಗೂಡಿನ ಸುತ್ತ ಕಾವು ಹಿಡಿದಿಡುವ ಗೋಡೆ ಇದೆಯೇ? ಪಾತ್ರೆಯ ತಳ ಮುಟ್ಟುವ ಮೊದಲು ಉರಿ ಎದ್ದು ನಿಲ್ಲಲು ಎಡೆ ಇದೆಯೇ? ಈ ಮೂರೂ ಇಲ್ಲದ್ದು ಹೆಸರಿಗೆ ಮಾತ್ರ ಹೊಸ ಒಲೆ.

• ಮೂರು ಬಗೆಯ ಒಲೆಗಳನ್ನು ತಿಳಿದುಕೊ.

  ಮೊದಲನೆಯದು ಮನೆಯಲ್ಲೇ ಕಟ್ಟುವ, ಹೊಗೆ ಕೊಳವೆಯ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಆಸ್ತ್ರ’ ಕೇಂದ್ರದವರು ರೂಪಿಸಿದ ಆಸ್ತ್ರ ಒಲೆ ಈ ಜಾತಿಯದು. ಒಂದೇ ಉರಿ ಮೂರು ಪಾತ್ರೆಗಳ ಕೆಳಗೆ ಹಾದು, ಕೊನೆಗೆ ಕೊಳವೆ ಹಿಡಿದು ಹೊರಗೆ ಹೋಗುತ್ತದೆ. ಮುಂದೆ ಟೈಡ್ ಸಂಸ್ಥೆಯವರು ‘ಸರಳ’ ಒಲೆ ಕಟ್ಟುವುದನ್ನು ಹಳ್ಳಿಯ ಹೆಣ್ಣುಮಕ್ಕಳಿಗೇ ಕಲಿಸಿದರು. ದೊಡ್ಡ ಸಂಸಾರಕ್ಕೆ, ದಿನಾ ಹಿಟ್ಟು ಮಾಡುವ ಮನೆಗೆ ಇದು ಹೊಂದುತ್ತದೆ.

  ಎರಡನೆಯದು ಎತ್ತಿಡಬಹುದಾದ ಕಬ್ಬಿಣದ ರಾಕೆಟ್ ಒಲೆ. ಸಣ್ಣ ಬಾಯಿ, ಒಳಗೆ ಮೇಲಕ್ಕೆದ್ದ ಗೂಡು. ತೆಳ್ಳನೆಯ ಕಡ್ಡಿಯಲ್ಲಿ ಜೋರಾಗಿ ಉರಿಯುತ್ತದೆ, ಆದರೆ ಪಕ್ಕದಲ್ಲೇ ಕೂತು ಕಡ್ಡಿ ಮುಂದೂಡುತ್ತಿರಬೇಕು. ಕೊಳವೆ ಇಲ್ಲದಿರುವುದರಿಂದ ಉಳಿದ ಹೊಗೆಯೆಲ್ಲ ಮನೆಯೊಳಗೇ ಸುಳಿಯುತ್ತದೆ. ಜಗುಲಿಯಲ್ಲೋ ಮೂರು ಕಡೆ ಗಾಳಿಯಾಡುವ ಚಪ್ಪರದಲ್ಲೋ ಇಟ್ಟುಕೊಳ್ಳುವವರಿಗೆ ಸರಿ.

  ಮೂರನೆಯದು ಫ್ಯಾನ್ ಇರುವ ಒಲೆ. ಉಳಿದೆರಡಕ್ಕಿಂತ ಹೊಗೆ ಕಡಿಮೆ. ಆದರೆ ಚಾರ್ಜ್ ಆಗಬೇಕು, ಸೌದೆಯನ್ನು ಚೂರು ಚೂರು ಮಾಡಿ ಹಾಕಬೇಕು. ಇದೇ ಬಗೆಯ ‘ಊರ್ಜಾ’ ಒಲೆಯ ಕತೆ ನೆನಪಿಡಬೇಕಾದ್ದು. ವಿಜ್ಞಾನ ಸಂಸ್ಥೆಯವರೇ ರೂಪಿಸಿದ ಒಳ್ಳೆಯ ಒಲೆ ಅದು, ನಾಲ್ಕು ಲಕ್ಷದಷ್ಟು ಮಾರಾಟವಾಯಿತು. ಅದಕ್ಕೆ ಬೇಕಾದ ಗುಳಿಗೆಯಂಥ ಉರುವಲಿನ ಬೆಲೆ ಏರಿದಾಗ ಮನೆಮನೆಯಲ್ಲೂ ಮೂಲೆ ಸೇರಿತು. ಊರಲ್ಲಿ ಸಿಗದ ಉರುವಲು ಬೇಡುವ ಒಲೆಯನ್ನು ಮನೆಗೆ ತರಬೇಡ.

• ಹಿಟ್ಟು ತೊಳಸಿ ನೋಡಿಯೇ ಕೊಳ್ಳು. ಮಾರುವವರು ಒಂದು ಚೊಂಬು ನೀರು ಕಾಯಿಸಿ ತೋರಿಸುತ್ತಾರೆ, ಅಷ್ಟು ಸಾಲದು. ರಾಗಿ ಹಿಟ್ಟು ಗಟ್ಟಿಯಾಗುವಾಗ ಕೋಲು ಹಿಡಿದು ಮೈಬಲವೆಲ್ಲ ಹಾಕಿ ತೊಳಸಬೇಕು. ಆಗ ಹಗುರ ಒಲೆ ಅಲ್ಲಾಡುತ್ತದೆ, ಕುದಿಯುವ ಹಿಟ್ಟಿನ ಪಾತ್ರೆ ಕಾಲ ಮೇಲೆ ಮಗುಚುವ ಅಪಾಯವಿದೆ. ನಿನ್ನ ಮನೆಯ ಪಾತ್ರೆಯನ್ನೇ ತೆಗೆದುಕೊಂಡು ಹೋಗಿ ಇಟ್ಟು ನೋಡು. ನಿಮ್ಮತ್ತೆಯವರನ್ನು ಜೊತೆಗೆ ಕರೆದುಕೊಂಡು ಹೋಗು. ಈ ವಿಷಯದಲ್ಲಿ ಅವರ ಕೈಯ ಅನುಭವ ದೊಡ್ಡದು. ಅವರಿಗೆ ಒಪ್ಪಿಗೆಯಾಗದ ಒಲೆ ಆ ಮನೆಯಲ್ಲಿ ಉರಿಯುವುದೂ ಇಲ್ಲ.

• ಮುದ್ರೆ ನೋಡು. ಎತ್ತಿಡುವ ಸೌದೆ ಒಲೆಗೆ ಭಾರತೀಯ ಮಾನಕ ಐಎಸ್ 13152 ಇದೆ, 2013ರಲ್ಲಿ ಪರಿಷ್ಕರಿಸಿದ್ದು. ಅದರ ಪ್ರಕಾರ ಫ್ಯಾನ್ ಇಲ್ಲದ ಒಲೆ ಸೌದೆಯ ಕಾವಿನಲ್ಲಿ ಶೇ 25ರಷ್ಟನ್ನಾದರೂ ಪಾತ್ರೆಗೆ ಮುಟ್ಟಿಸಬೇಕು, ಫ್ಯಾನ್ ಇರುವುದು ಶೇ 35. ಪಾತ್ರೆಗೆ ಸೇರಿದ ಪ್ರತಿ ಮೆಗಾಜೂಲ್ ಕಾವಿಗೆ ಹೊಗೆಯ ಕಣ ಮೊದಲ ಬಗೆಯಲ್ಲಿ 350 ಮಿಲಿಗ್ರಾಂ, ಎರಡನೆಯದರಲ್ಲಿ 150 ಮಿಲಿಗ್ರಾಂ ಮೀರಬಾರದು. ಕಾರ್ಬನ್ ಮಾನಾಕ್ಸೈಡ್ ಎರಡರಲ್ಲೂ 5 ಗ್ರಾಂ ಮೀರಬಾರದು. ‘ಹೊಗೆರಹಿತ’ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡ, ಈ ಅಂಕಿಗಳ ಪರೀಕ್ಷಾ ವರದಿ ಕೇಳು.

• ನಿನ್ನ ಸೌದೆಗೆ ತಕ್ಕ ಬಾಯಿ ಇರಲಿ. ಕೊಳ್ಳೇಗಾಲದ ಕಡೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಉಳಿದ ಹಿಪ್ಪುನೇರಳೆ ಕಡ್ಡಿ ರಾಶಿ ರಾಶಿ ಸಿಗುತ್ತದೆ. ಒಣಗಿದರೆ ಸಣ್ಣ ಬಾಯಿಯ ಒಲೆಗೆ ಹೇಳಿ ಮಾಡಿಸಿದ ಉರುವಲು. ತೊಗರಿ ಕಡ್ಡಿ, ತೆಂಗಿನ ಮಟ್ಟೆ, ಕರಟ, ಜಾಲಿಯ ಸವರಿದ ಕೊಂಬೆ ಹೊಲದಲ್ಲೇ ಸಿಗುತ್ತವೆ. ಪಾಲಾರ್ ಕಡೆಯ ಕಾಡು ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳಿಗೆ ಸೇರಿದ್ದು. ಅಲ್ಲಿಂದ ತರುವುದಕ್ಕೆ ಕಟ್ಟಳೆ ಇದೆ, ಹಸಿ ಮರಕ್ಕೆ ಕೊಡಲಿ ಹಾಕುವುದಂತೂ ಕೂಡದು. ಬೆಟ್ಟದ ಸೋಲಿಗರು ಪೀಠೋಪಕರಣ ಮಾಡುವ ಲಂಟಾನ ಕಾಡನ್ನೇ ನುಂಗುತ್ತಿರುವ ಕಳೆ. ಅದರ ಒಣ ಕಡ್ಡಿ ಚೆನ್ನಾಗಿ ಉರಿಯುತ್ತದೆ. ತರಲು ಒಪ್ಪಿಗೆ ಇದೆಯೇ ಎಂದು ಅರಣ್ಯ ಇಲಾಖೆಯವರನ್ನು ಕೇಳಿಕೊ. ಲಂಟಾನದ ಪೊದೆಯಲ್ಲಿ ಆನೆ ನಿಂತರೂ ಕಾಣುವುದಿಲ್ಲ, ಮಬ್ಬುಗತ್ತಲಲ್ಲಿ ಒಬ್ಬಳೇ ಹೋಗಬೇಡ. ಸೌದೆ ಕಡಿಮೆ ಬೇಡುವ ಒಲೆ ಈ ನಡಿಗೆಯನ್ನೂ ಕಡಿಮೆ ಮಾಡುತ್ತದೆ.

• ಸೌದೆ ಒಣಗಿಸುವುದೇ ಒಲೆಯ ಅರ್ಧ ಕೆಲಸ. ಆಗಷ್ಟೇ ಕಡಿದ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಕುದಿಯುವ ಒಂದು ಲೀಟರ್ ನೀರು ಪೂರ್ತಿ ಆವಿಯಾಗಲು ಹಿಡಿಯುವ ಕಾವಿನಲ್ಲಿ ಏಳು ಲೀಟರ್ ತಣ್ಣೀರು ಕುದಿ ಬರುತ್ತದೆ. ಹಸಿ ಸೌದೆ ಒಲೆಗಿಟ್ಟರೆ ಅಷ್ಟೂ ಕಾವು ಹೊಗೆಯ ಜೊತೆ ಹೋಯಿತು. ಸೌದೆಯನ್ನು ಹೆಬ್ಬೆರಳಿನ ದಪ್ಪಕ್ಕೆ ಸೀಳಿ, ನೆಲಕ್ಕೆ ತಾಗದ ಹಾಗೆ ಎರಡು ಕಲ್ಲಿನ ಮೇಲೆ ಅಡ್ಡಡ್ಡ ಒಟ್ಟು. ಮೇಲೆ ಸೂರಿರಲಿ, ಪಕ್ಕ ಗಾಳಿಯಾಡಲಿ. ಮಳೆಗಾಲದ ಸೌದೆ ಶಿವರಾತ್ರಿಯಿಂದ ಯುಗಾದಿಯೊಳಗೆ ಸೂರಿನಡಿ ಸೇರಿರಬೇಕು. ಎರಡು ಕಡ್ಡಿ ಬಡಿದಾಗ ಟಣ್ ಎನ್ನಬೇಕು. ದಪ್ಪನೆಯ ಸದ್ದು ಬಂದರೆ ಇನ್ನೂ ಒಣಗಿಲ್ಲ.

• ಹೊಗೆ ಕೊಳವೆಯಲ್ಲಿ ಜಿಪುಣತನ ಬೇಡ. ಸೂರಿನಿಂದ ಎರಡು ಅಡಿಯಾದರೂ ಮೇಲೆ ಹೋಗಲಿ, ತುದಿಗೆ ಮಳೆ ತಡೆಯುವ ಟೋಪಿ ಇರಲಿ. ದಾರಿಯಲ್ಲಿ ಹೆಚ್ಚು ಬಾಗು ಬೇಡ, ಬಾಗಿದಲ್ಲೆಲ್ಲ ಮಸಿ ಕಟ್ಟುತ್ತದೆ. ಬುಡದಲ್ಲಿ ಕೈ ಹಾಕಿ ಮಸಿ ತೆಗೆಯಲು ಮುಚ್ಚಳವಿರುವ ಕಿಂಡಿ ಬಿಡಿಸು. ಹುಲ್ಲಿನ ಸೂರಾದರೆ ಲೋಹದ ಕೊಳವೆಯನ್ನು ಅದರ ನಡುವೆ ಹಾಯಿಸಲೇಬೇಡ, ಗೋಡೆಯಿಂದ ಹೊರಗೆ ತೆಗೆಸು. ಹಳೆಯ ಕಲ್ನಾರಿನ ಕೊಳವೆ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ಕೊಯ್ಯುವಾಗ ಏಳುವ ದೂಳು ಪುಪ್ಪುಸಕ್ಕೆ ಕೇಡು. ಒಲೆಯ ಎದುರಿಗೊಂದು ಕಿಟಕಿ, ಸೂರಿನ ಕೆಳಗೆ ಗಾಳಿ ಹೋಗುವ ಸಂದು, ಇವೆರಡನ್ನೂ ಗಾರೆ ಆಗುವ ಮೊದಲೇ ಬಿಡಿಸಿಕೊ.

• ಬಚ್ಚಲೊಲೆಯನ್ನು ಮರೆಯಬೇಡ. ಎಷ್ಟೋ ಮನೆಗಳಲ್ಲಿ ಅಡುಗೆಗಿಂತ ಹಂಡೆಯ ಕೆಳಗೇ ಹೆಚ್ಚು ಸೌದೆ ಹೋಗುತ್ತದೆ, ಹಸಿ ಬೊಡ್ಡೆ ತುರುಕುವುದೂ ಅಲ್ಲೇ. ಅದಕ್ಕೂ ಜಾಲರಿ, ಕೊಳವೆ ಹಾಕಿಸು. ಹಂಡೆಗೆ ಮುಚ್ಚಳ ಮುಚ್ಚು. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬಡತನವಿಲ್ಲ. ಕೈ ನಡೆದಾಗ ಸೋಲಾರ್ ನೀರಿನ ಯಂತ್ರ ಕೂರಿಸಿದರೆ ಆ ಬೆಂಕಿ ವರ್ಷದಲ್ಲಿ ಹೆಚ್ಚು ದಿನ ಹೊತ್ತಿಸುವುದೇ ಬೇಕಿಲ್ಲ.

• ಕಟ್ಟುವವರಿಗಿಂತ ಸರಿಮಾಡುವವರು ಮುಖ್ಯ. ಒಡಿಶಾದ ಹಳ್ಳಿಗಳಲ್ಲಿ ಕೊಳವೆಯ ಮಣ್ಣಿನ ಒಲೆ ಕೊಟ್ಟು, ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ನಾಲ್ಕು ವರ್ಷ ನೋಡಿದರು. ಮೊದಲ ವರ್ಷ ಒಳಸೇರುವ ಹೊಗೆ ಇಳಿಯಿತು, ಆಮೇಲೆ ಆ ಲಾಭ ಉಳಿಯಲಿಲ್ಲ. ಬಿರುಕಿಗೆ ಮಣ್ಣು ಮೆತ್ತುವವರಿರಲಿಲ್ಲ, ಬಳಕೆಯೂ ತಗ್ಗಿತು. ನಿನ್ನ ಒಲೆಗೆ ಹಾಗಾಗಬಾರದು. ವಾರಕ್ಕೊಮ್ಮೆ ಜಾಲರಿಯ ಕೆಳಗಿನ ಬೂದಿ ತೆಗೆ, ತಿಂಗಳಿಗೊಮ್ಮೆ ಕೊಳವೆಯ ಮಸಿ ಉದುರಿಸು, ಬಿರುಕು ಕಂಡ ದಿನವೇ ಸಗಣಿ ಮಣ್ಣು ಮೆತ್ತು. ಕಟ್ಟುವಾಗ ಪಕ್ಕದಲ್ಲಿ ನಿಂತು ಗೂಡಿನ ಅಳತೆ ಬರೆದಿಟ್ಟುಕೊ. ಇದು ಹೆಂಗಸರ ಕೆಲಸವೆಂದು ಬಿಡದೆ ಅಳಿಯಂದಿರಿಗೂ ಕಲಿಸು.

• ಹಳೆಯ ಒಲೆಯನ್ನು ಕೀಳು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ ಸುಧಾರಿತ ಒಲೆ ಕೊಟ್ಟ ಮನೆಗಳನ್ನು ಅಳೆದು ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಹಲವು ಮನೆಗಳಲ್ಲಿ ಹೊಸದರ ಜೊತೆ ಹಳೆಯ ಒಲೆಯೂ ಉರಿಯುತ್ತಿತ್ತು, ಗಾಳಿ ಎಣಿಸಿದಷ್ಟು ಶುಚಿಯಾಗಲಿಲ್ಲ. ಹೊಸ ಒಲೆಗೆ ಕೈ ಒಗ್ಗಲು ತಿಂಗಳಾದರೂ ಬೇಕು, ಅಷ್ಟು ತಾಳ್ಮೆ ಇಟ್ಟುಕೊ. ಒಗ್ಗಿದ ಮೇಲೆ ಮೂರು ಕಲ್ಲನ್ನು ಅಡುಗೆಮನೆಯಿಂದ ಹೊರಗೆ ಹಾಕು. ಹಬ್ಬಕ್ಕೆ ಬೇಕಾದರೆ ಅಂಗಳದಲ್ಲಿ ಇಟ್ಟರಾಯಿತು.

• ಒಲೆಗೆ ಹಾಕಬಾರದ್ದು. ಬೆಂಕಿ ಹಿಡಿಯಲೆಂದು ಹಾಲಿನ ಕವರು, ಪ್ಲಾಸ್ಟಿಕ್ ಚೀಲ, ಹಳೆಯ ಚಪ್ಪಲಿ, ಟೈರಿನ ತುಂಡು ಹಾಕುತ್ತಾರೆ. ಬಣ್ಣ ಬಳಿದ ಮರ, ಪ್ಲೈವುಡ್ಡೂ ಒಲೆ ಸೇರುತ್ತವೆ. ಇವುಗಳ ಹೊಗೆ ಸೌದೆಯ ಹೊಗೆಗಿಂತ ಕೆಟ್ಟ ವಿಷ. ಕಣಗಿಲೆಯ ಕಡ್ಡಿಯನ್ನೂ ದೂರವಿಡು. ಒಣ ತೆಂಗಿನ ಗರಿ, ತೆಂಗಿನ ನಾರು ಇದ್ದರೆ ಬೆಂಕಿ ಹಿಡಿಯಲು ಬೇರೇನೂ ಬೇಡ.

• ಬಾಣಂತಿ ಕೋಣೆಯಲ್ಲಿ ಕೆಂಡ ಬೇಡ. ಕೆಂಡದಲ್ಲಿ ಹೊಗೆ ಕಾಣದು ನಿಜ, ಆದರೆ ಕಾರ್ಬನ್ ಮಾನಾಕ್ಸೈಡ್ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಕಿಟಕಿ ಮುಚ್ಚಿ ಅಗ್ಗಿಷ್ಟಿಕೆ ಇಟ್ಟರೆ ಮಲಗಿದ್ದವರು ಮಲಗಿದ್ದಂತೆಯೇ ಜೀವ ಬಿಡಬಹುದು. ಹಿರಿಯರು ಹೇಳಿದರೂ ಇದೊಂದಕ್ಕೆ ಮೆತ್ತಗೆ, ಗಟ್ಟಿಯಾಗಿ ಬೇಡ ಎನ್ನು. ತಾಯಿ ಮಗುವಿಗೆ ಬೆಚ್ಚನೆಯ ಹೊದಿಕೆ, ಬಿಸಿನೀರು ಸಾಕು. ಬಸುರಿಯರನ್ನೂ ಎಳೆಯ ಮಕ್ಕಳನ್ನೂ ಒಲೆಯ ಮುಂದೆ ಕೂರಿಸಬೇಡ.

• ತೂಕ ಹಾಕಿ ಪರೀಕ್ಷಿಸು. ಹಳೆಯ ಒಲೆಯಲ್ಲಿ ಒಂದು ದಿನದ ಹಿಟ್ಟು ಸಾರಿಗೆ ಎಷ್ಟು ಸೌದೆ ಹೋಯಿತೆಂದು ತಕ್ಕಡಿಯಲ್ಲಿ ತೂಗಿ ಬರೆ. ಅದೇ ಅಡುಗೆ, ಅದೇ ಸೌದೆ, ಹೊಸ ಒಲೆಯಲ್ಲೂ ಮಾಡಿ ತೂಗು. ಹೊತ್ತಿಸಿದ ಹತ್ತು ನಿಮಿಷದ ಮೇಲೆ ಹೊರಗೆ ಬಂದು ಕೊಳವೆ ನೋಡು. ದಟ್ಟ ಹೊಗೆ ಇನ್ನೂ ಬರುತ್ತಿದ್ದರೆ ಸೌದೆ ಹಸಿಯಾಗಿದೆ, ಇಲ್ಲವೇ ಒಮ್ಮೆಗೇ ಹೆಚ್ಚು ತುರುಕಿದ್ದೀಯ. ಹುರುಳಿ, ಅವರೆಯನ್ನು ಹಿಂದಿನ ರಾತ್ರಿಯೇ ನೆನೆಹಾಕುವುದು, ಪಾತ್ರೆಗೆ ಮುಚ್ಚಳ ಮುಚ್ಚುವುದು, ಕುಕ್ಕರ್ ಬಳಸುವುದು, ಇವೂ ಲೆಕ್ಕಕ್ಕೆ ಬರುತ್ತವೆ.

• ದುಡ್ಡು ಹಾಕುವ ಕ್ರಮ. ಎಲ್ಲವೂ ಒಂದೇ ವರ್ಷದಲ್ಲಿ ಆಗಬೇಕಿಲ್ಲ. ಮೊದಲು ಖರ್ಚಿಲ್ಲದವು: ಒಣ ಸೌದೆ, ಮುಚ್ಚಳ, ಕಿಟಕಿ. ಆಮೇಲೆ ಗ್ಯಾಸ್ ಸಂಪರ್ಕ. ಅದರ ಮೇಲೆ ಕೊಳವೆಯ ಕಟ್ಟಿದ ಒಲೆ, ನಂತರ ಬಚ್ಚಲೊಲೆ. ಫ್ಯಾನಿನ ಒಲೆ ಇವೆಲ್ಲ ಆದ ಮೇಲೆ, ಬೇಕೆನಿಸಿದರೆ. ಗಾರೆಯವರು ಬರಲು ಇನ್ನೂ ದಿನವಿದೆಯಲ್ಲ, ಸೌದೆ ಸೀಳಿ ಒಟ್ಟುವ ಕೆಲಸ ಇವತ್ತೇ ಶುರುಮಾಡು. ಹೊಸ ಒಲೆಯಲ್ಲಿ ಹಾಲು ಉಕ್ಕಿಸುವ ದಿನಕ್ಕೆ ಅದು ಚೆನ್ನಾಗಿ ಒಣಗಿರಬೇಕು.