ಏನು ಕೊಯ್ಯಬೇಕು?

ಜಮಖಂಡಿ ತಾಲ್ಲೂಕಿನ ದ್ರಾಕ್ಷಿ ತೋಟಗಳಲ್ಲಿ ಕಸಿ ಕಟ್ಟುವುದು ನನ್ನ ಕೆಲಸ. ಅದರ ಹಂಗಾಮು ಎರಡು ತಿಂಗಳು ನಡೆದರೆ ಹೆಚ್ಚು. ಉಳಿದ ದಿನ ಮುಧೋಳದ ಕಡೆಯ ಕಬ್ಬಿನ ಕೊಯ್ತಾ, ಬೀಳಗಿಯ ಕುಡಗೋಲು, ಬನಹಟ್ಟಿ ನೇಕಾರರ ಕತ್ತರಿ, ಬಂಧುಗಳ ಮನೆಯ ಚಾಕು, ಹೀಗೆ ಮೊಂಡಾದದ್ದೆಲ್ಲ ನನ್ನ ಕೈಗೆ ಬರುತ್ತದೆ. ಕಿಸೆಯಲ್ಲಿ ಒಂದು ಮಡಚುವ ಚಾಕು ಇದ್ದೇ ಇರುತ್ತದೆ. ಅದನ್ನು ಕಂಡವರು ಯಾವ ಕಲ್ಲು ಒಳ್ಳೆಯದು ಅಂತ ಕೇಳುತ್ತಾರೆ. ಏನು ಕೊಯ್ಯಬೇಕು ಅಂತ ನಾನು ತಿರುಗಿ ಕೇಳುತ್ತೇನೆ.

1. ಸಿಕ್ಕ ಕಲ್ಲೆಲ್ಲ ಮಸೆಗಲ್ಲಲ್ಲ

ಮುಧೋಳ, ಲೋಕಾಪುರದ ನೆಲದಲ್ಲಿ ಸುಣ್ಣದಕಲ್ಲು ಹೇರಳ. ಅದರ ಹಾಸಿನ ಮೇಲೆ ಚಾಕು ಉಜ್ಜಿದರೆ ಸದ್ದು ಚೆನ್ನಾಗಿ ಬರುತ್ತದೆ, ಅಷ್ಟೇ. ಗಡಸುತನದ ಮೋಸ್ ಮಾಪನದಲ್ಲಿ ಸುಣ್ಣದಕಲ್ಲಿನ ಖನಿಜ ಬರೀ 3, ಹದ ಕೊಟ್ಟ ಉಕ್ಕು ಸುಮಾರು 6. ಮೆತ್ತನೆಯದು ಗಟ್ಟಿಯದನ್ನು ತೇಯುವುದು ಹೇಗೆ? ಜಮಖಂಡಿಯ ಕರಿಕಲ್ಲು ಗಟ್ಟಿಯೇ, ಆದರೆ ಅದರಲ್ಲಿ ಉಕ್ಕನ್ನು ಕಚ್ಚುವ ಬೆಣಚಿನ ಹರಳಿಲ್ಲ. ಕಲಾದಗಿ ಶಿಲಾಶ್ರೇಣಿಯ ಮರಳುಗಲ್ಲಿನಲ್ಲಿ ಅದು ಇದೆ. ಬೆಣಚು 7. ಹಿರಿಯರು ಕುಡಗೋಲು ಮಸೆಯಲು ಮರಳುಗಲ್ಲನ್ನೇ ಹುಡುಕುತ್ತಿದ್ದುದು ಸುಮ್ಮನೆ ಅಲ್ಲ. ಆದರೆ ಹರಳು ಒಂದು ಸಣ್ಣದು, ಒಂದು ದೊಡ್ಡದು. ಕುಡಗೋಲು ಅದನ್ನು ತಾಳಿಕೊಳ್ಳುತ್ತದೆ, ಕಿಸೆಯ ಚಾಕುವಿನ ಅಲಗಿನಲ್ಲಿ ಮಾತ್ರ ಗೀರು ಏಳುತ್ತದೆ.

2. ಒಂದೇ ಕಲ್ಲು ಕೊಳ್ಳುವವರಿಗೆ

ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಸಾಕು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಮಾಡಿದ ವಸ್ತು ಅದು, ಗಡಸುತನ 9ಕ್ಕೂ ಮೇಲೆ. ಒರಟು ಮುಖ ಸುಮಾರು 120 ಗ್ರಿಟ್, ನುಣುಪು ಮುಖ 240. ಅಂಕಿ ಏರಿದಷ್ಟೂ ಕಲ್ಲು ನುಣುಪು. ಹಗ್ಗ, ಗೊಬ್ಬರದ ಚೀಲ, ಡ್ರಿಪ್ ಪೈಪು ಕೊಯ್ಯುವ ಚಾಕುವಿಗೆ 240ರ ಮೇಲೆ ನಿಲ್ಲಿಸಿದರೂ ನಡೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲು ಅಲಗಿನಲ್ಲಿ ಉಳಿದರೆ ಹಗ್ಗದ ನಾರನ್ನು ಅದು ಹಿಡಿದು ಹರಿಯುತ್ತದೆ. ನುಣ್ಣಗೆ ಮಾಡಿದ ಅಲಗು ಅದೇ ಹಗ್ಗದ ಮೇಲೆ ಜಾರುತ್ತದೆ.

ಒಮ್ಮೆ ನನ್ನ ಕಲ್ಲಿಗೆ ಸೇಂಗಾ ಎಣ್ಣೆ ಹಾಕಿದೆ. ಹದಿನೈದು ದಿನದಲ್ಲಿ ಅದು ಬೆಲ್ಲದ ಪಾಕದಂತೆ ಅಂಟುಗಟ್ಟಿ ಕಲ್ಲಿನ ರಂಧ್ರವೆಲ್ಲ ಮುಚ್ಚಿತು. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿ ಬ್ರಷ್ಷಿನಿಂದ ತಿಕ್ಕಿದ ಮೇಲೆ ಅರ್ಧ ಜೀವ ಬಂತು. ನೀರು ಸಾಕು. ಎಣ್ಣೆಯೇ ಬೇಕೆಂದರೆ ಹೊಲಿಗೆ ಯಂತ್ರದ ತೆಳು ಎಣ್ಣೆ.

3. ಕೊಯ್ತಾ ನನಗೆ ಕಲಿಸಿದ್ದು

ಹೊಸದಾಗಿ ನುಣುಪು ಕಲ್ಲು ಕೊಂಡ ಉತ್ಸಾಹದಲ್ಲಿ ಕಬ್ಬು ಕಡಿಯುವ ಟೋಳಿಯವರ ಒಂದು ಕೊಯ್ತಾವನ್ನು ತೆಳ್ಳಗೆ ಮಸೆದು 3000 ಗ್ರಿಟ್‌ವರೆಗೆ ಒಯ್ದೆ. ಲಾರಿ ಪಾಟಾದ ಉಕ್ಕು ಕನ್ನಡಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಅದು ವಾಪಸು ಬಂತು. ಟೋಳಿಯ ಹಿರಿಯ ನಗುತ್ತ ಹೇಳಿದ: “ತಮ್ಮಾ, ಇದರಾಗ ಮಾರಿ ನೋಡ್ಕೋಬಹುದು, ಕಬ್ಬು ಕಡಿಯಾಕ ಬರೂದಿಲ್ಲ.”

ಅಲಗು ಅಲ್ಲಲ್ಲಿ ಮಡಚಿತ್ತು. ಕಬ್ಬಿನ ಸಿಪ್ಪೆ, ರವದಿಯಲ್ಲಿ ಸಿಲಿಕಾ ಇದೆ. ಬುಡಕ್ಕೆ ಹೊಡೆದಾಗಲೆಲ್ಲ ಮಣ್ಣಿನ ಹರಳೂ ತಾಗುತ್ತದೆ. ಬುಡ ಬಿಟ್ಟು ಮೇಲೆ ಕಡಿಯುವಂತಿಲ್ಲ, ನೆಲಮಟ್ಟದಲ್ಲಿ ಸ್ವಚ್ಛವಾಗಿ ಕಡಿದರೇ ಕುಳೆ ಚೆನ್ನಾಗಿ ಒಡೆಯುವುದು. ಇಂಥ ಏಟು ತಿನ್ನುವ ಅಲಗಿಗೆ ದಪ್ಪ ಹೆಗಲು ಬೇಕು, ಪ್ರತಿ ಬದಿಗೆ 30 ಡಿಗ್ರಿಯಷ್ಟು. ಅದಕ್ಕೆ ಗದ್ದೆಯಲ್ಲೇ ನಿಂತು ಅರದಿಂದ ನಾಲ್ಕು ಎಳೆತ ಸಾಕು. ಕಿಸೆಯ ಚಾಕುವಿಗೆ 20. ಅಳೆಯಲು ಸಾಧನವೇನೂ ಬೇಡ: ಕಾಗದದ ಮೂಲೆಯನ್ನು ಒಮ್ಮೆ ಮಡಚಿದರೆ 45, ಮತ್ತೊಮ್ಮೆ ಮಡಚಿದರೆ 22 ಚಿಲ್ಲರೆ. ಆ ತುಂಡನ್ನು ಕಲ್ಲಿನ ಪಕ್ಕ ನಿಲ್ಲಿಸಿಕೊಂಡರೆ ಕೈ ತಾನೇ ಕಲಿಯುತ್ತದೆ.

4. ಕಸಿ ಚಾಕುವಿನ ಗೊಡವೆಯೇ ಬೇರೆ

ಇಲ್ಲಿ ಮಾತ್ರ ನಾನು ಕನ್ನಡಿಯ ಪಕ್ಷ. ಡಾಗ್‌ರಿಡ್ಜ್ ಬೇರುಗಿಡ ಪೆನ್ಸಿಲ್ ದಪ್ಪಕ್ಕೆ ಬಂದಾಗ ಅದರ ತಲೆ ಕೊಯ್ದು, ನಡುವೆ ಸೀಳಿ, ಥಾಮ್ಸನ್ ದ್ರಾಕ್ಷಿಯದೋ ಸೋನಾಕಾದೋ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸುತ್ತೇವೆ. ತೊಗಟೆಯ ಕೆಳಗಿನ ಹಸಿರು ಪದರ ಆ ಕಡೆಗೂ ಈ ಕಡೆಗೂ ಮುಟ್ಟಿದರೆ ಕಸಿ ಹಿಡಿಯಿತು. ಒರಟು ಅಲಗಿನಿಂದ ಕೆತ್ತಿದರೆ ಆ ಪದರ ಹರಿದು, ಒಣಗಿ, ಕೂಡುವುದೇ ಇಲ್ಲ.

ಈ ಚಾಕುವಿಗೆ ಒಂದೇ ಬದಿ ಇಳಿಜಾರು, ಇನ್ನೊಂದು ಬದಿ ಚಪ್ಪಟೆ. ಚಪ್ಪಟೆ ಬದಿಯನ್ನು ಎತ್ತಿ ಹಿಡಿದು ಮಸೆದವನು ಚಾಕು ಕೆಡಿಸಿದ. ಆಮೇಲೆ ಬೆಣೆ ನೇರ ಬರುವುದಿಲ್ಲ, ಉಬ್ಬುತ್ತದೆ. ನಾನು 1000ದಲ್ಲಿ ಶುರುಮಾಡಿ, 3000, 6000 ದಾಟಿ, ಹಲಗೆಗೆ ಅಂಟಿಸಿದ ಹಳೇ ಬೆಲ್ಟಿನ ಮೇಲೆ ಕ್ರೋಮಿಯಂ ಆಕ್ಸೈಡಿನ ಹಸಿರು ಮುಲಾಮು ಸವರಿ ಹಿಂದಕ್ಕೆ ಎಳೆಯುತ್ತೇನೆ. ಮುಂದಕ್ಕೆ ಎಳೆದರೆ ತೊಗಲೇ ಸೀಳುತ್ತದೆ. ಕಡ್ಡಿಯನ್ನು ಒಂದೇ ಎಳೆತದಲ್ಲಿ ಕೆತ್ತಿ ಬೆಳಕಿಗೆ ಹಿಡಿದರೆ ಕೊಯ್ದ ಮುಖ ಒದ್ದೆ ಗಾಜಿನಂತೆ ಹೊಳೆಯಬೇಕು. ಎರಡು ಮುಖ ಜೋಡಿಸಿದಾಗ ನಡುವೆ ಬೆಳಕು ನುಸುಳಬಾರದು. ನುಸುಳಿದರೆ ಮತ್ತೆ ಬೆಲ್ಟಿಗೆ. ಮೂವತ್ತು ನಲವತ್ತು ಗಿಡಕ್ಕೊಮ್ಮೆ ಇದನ್ನು ಮಾಡದೆ ನಾನು ಮುಂದಿನ ಸಾಲಿಗೆ ಹೋಗುವುದಿಲ್ಲ.

5. ಎಳೆ ಎದ್ದಿತೇ?

ಒಂದು ಬದಿ ಮಸೆದಾಗ ಅಲಗಿನ ಆಚೆ ಬದಿಗೆ ಕೂದಲಿಗಿಂತ ತೆಳುವಾದ ಲೋಹದ ಎಳೆ ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಅಲಗಿನ ಕಡೆಗೆ ಸವರಿದರೆ ಚರ್ಮಕ್ಕೆ ತಾಗುತ್ತದೆ. ಉದ್ದಕ್ಕೂ ಏಳುವವರೆಗೆ ಬದಿ ಬದಲಿಸಬೇಡಿ. ಕೊನೆಗೆ ಹಗುರ ಕೈಯಿಂದ ಅದನ್ನು ತೆಗೆಯದೆ ಬಿಟ್ಟರೆ ಚಾಕು ಮೊದಲ ದಿನ ಬಲು ಹರಿತ, ಮರುದಿನ ಮೊಂಡು.

6. ನೀಲಿ ಬಣ್ಣ ಕಂಡರೆ

ಅಪ್ಪನ ಚಾಕುವನ್ನು ಕೆಡಿಸಿದವನು ನಾನೇ. ಅವಸರಕ್ಕೆ ವಿದ್ಯುತ್ ಗ್ರೈಂಡರಿಗೆ ಒಡ್ಡಿದೆ. ಎರಡು ಕ್ಷಣದಲ್ಲಿ ತುದಿ ನೀಲಿಯಾಯಿತು. ಹಾಗೆಂದರೆ ಅಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಕಂಬಾರ ಕೊಟ್ಟ ಹದ ಹೋಯಿತು ಅಂತ. ಎಷ್ಟು ಮಸೆದರೂ ಆ ತುದಿ ವಾರಕ್ಕೆ ಬಾಗುತ್ತಿತ್ತು. ಅಪ್ಪ ಏನೂ ಅನ್ನಲಿಲ್ಲ. ಚಾಕುವನ್ನು ಅವ್ವನಿಗೆ ಕೊತ್ತಂಬರಿ ಕೊಯ್ಯಲು ಕೊಟ್ಟ.

7. ಬನಹಟ್ಟಿಯ ಕತ್ತರಿ

ಕೃತಕ ರೇಷ್ಮೆ ನೇಯುವ ಮನೆಯೊಂದರ ಕತ್ತರಿಯನ್ನು 3000ಕ್ಕೆ ಮಸೆದು ಕೊಟ್ಟಿದ್ದೆ. ಮರುದಿನವೇ ಆ ಮನೆಯಾಕೆ ಮಗ್ಗದ ಬಳಿ ಕರೆದು ತೋರಿಸಿದಳು: “ನೋಡ್ರಿ ಕಾಕಾ, ಎಳಿ ಜಾರತೈತಿ.” ನುಣುಪು ಎಳೆ, ನುಣುಪು ಬಾಯಿ. ಕತ್ತರಿ ಮುಚ್ಚುತ್ತಿದ್ದಂತೆ ನೂಲು ತುದಿಗೆ ಓಡುತ್ತಿತ್ತು. ಅಲ್ಲೇ ಹೊಸ್ತಿಲ ಮೇಲೆ ಕೂತು ಇಳಿಜಾರನ್ನು 400ರ ಕಲ್ಲಿಗೆ ನಾಲ್ಕು ಸಲ ಎಳೆದೆ, ಒಳಮುಖ ಮುಟ್ಟಲಿಲ್ಲ. ಆಕೆ ಒಂದೇ ಎಳೆ ಹಿಡಿದು ಕತ್ತರಿಸಿದಳು, ತಲೆ ಅಲ್ಲಾಡಿಸಿದಳು, ಮಗ್ಗ ಶುರುಮಾಡಿದಳು. ಆ ಸದ್ದಿನಲ್ಲಿ ನಾನು ಕೂಲಿಯ ಮಾತೆತ್ತಲಿಲ್ಲ.